ಹನ್ನೊಂದನೇ ರೊಟ್ಟಿ

ಬಸವೇಶ್ವರನಗರ, ಬೆಂಗಳೂರು
೧೨ ಮಾರ್ಚ್ ೨೦೨೫

ಪ್ರೀತಿಯ ಮಗ ಚನ್ನವೀರೇಶನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀ? ಬಳ್ಳಾರಿ ಬಿಸಿಲಿಗೆ ಸೊಸೆಯ ತಲೆನೋವು ಹೆಚ್ಚಿತೇನೋ. ಮಜ್ಜಿಗೆ ಕುಡಿಯಲು ಹೇಳು. ನನ್ನ ಮಂಡಿ ನನ್ನ ಮಾತು ಕೇಳುವುದಿಲ್ಲ, ಉಳಿದದ್ದೆಲ್ಲ ಚೆನ್ನಾಗಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಕಾಗದ. ಪೂರ್ತಿ ಓದು.

ನಿನ್ನ ಮಗಳು ಗೆದ್ದಳಪ್ಪಾ! ಬಿಬಿಎ ಎರಡನೇ ವರ್ಷದ ಮಕ್ಕಳಿಂದಲೂ ಸಂಶೋಧನೆ ಮಾಡಿಸುವ ಯೋಜನೆ ಅವಳ ಕಾಲೇಜಿನಲ್ಲಿದೆಯಲ್ಲ, ಮುಂದಿನ ಹಂತಕ್ಕೆ ಆರಿಸಿದ್ದು ಇಬ್ಬರನ್ನೇ. ಒಬ್ಬಳು ನಮ್ಮ ಅನಘಾ. ರಜೆಯ ಎರಡು ತಿಂಗಳು ಧಾರವಾಡದಲ್ಲಿ ಕೆಲಸ. ಅದೇ ರಜೆಯಲ್ಲಿ ಸಿ.ಎ. ಕೋಚಿಂಗ್ ಸೇರಬೇಕೆಂದು ನಿನ್ನ ಹಟ. "ರೊಟ್ಟಿ ಮಾರೋರಿಗೆ ಪ್ರಶ್ನೆ ಕೇಳೂದೂ ಒಂದು ಓದೇನವ್ವಾ?" ಅಂದೆಯಲ್ಲ, ಈಗ ಕೇಳು.

ಹೇರೋಹಳ್ಳಿ, ಹೆಗ್ಗನಹಳ್ಳಿಗಳಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವ ನಮ್ಮ ಕಡೆಯ ಹೆಂಗಸರು, ಹತ್ತು ರೊಟ್ಟಿ ಕೊಂಡರೆ ಮೇಲೊಂದು ಕೊಸರು ಹಾಕುತ್ತಾರೆ. ಯಾಕೆ ಹಾಕುತ್ತಾರೆ ಎನ್ನುವುದೇ ಅವಳ ವಿಷಯ. ಇಪ್ಪತ್ತು ಮನೆ ಸುತ್ತಿದಳು. ಇಪ್ಪತ್ತರಲ್ಲೂ ಒಂದೇ ಉತ್ತರ: ಕೊಸರು ಕೊಟ್ಟರೆ ಗಿರಾಕಿ ಹೆಚ್ಚುತ್ತಾರೆ. ಅವಳು ಮೊದಲೇ ಊಹಿಸಿ ಬರೆದಿದ್ದೂ ಅದನ್ನೇ. ಬೇರೆಯವರಾಗಿದ್ದರೆ ಕುಣಿಯುತ್ತಿದ್ದರು. ಇವಳಿಗೆ ಅನುಮಾನ ಬಂತು. ಆ ಹೆಂಗಸರನ್ನೇ ಕೆದಕಿ ಕೇಳಿ, ಯಾರೋ ಮೊದಲೇ ಹೋಗಿ ಹೇಳಿಕೊಟ್ಟಿದ್ದಾರೆಂದು ತಿಳಿದ ಕೂಡಲೇ ಕಾಲೇಜಿನ ಮೇಷ್ಟರ ಮುಂದೆ ತಾನೇ ಹೋಗಿ ನಿಂತು, "ಸಾರ್, ಇದನ್ನ ಬಳಸೋ ಹಾಗಿಲ್ಲ, ಮತ್ತೆ ಕೇಳ್ಕೊಂಡು ಬರ್ತೀನಿ" ಅಂದಳಂತೆ. ವರದಿ ಕೊಡಲು ಉಳಿದಿದ್ದದ್ದು ಒಂದೇ ವಾರ. ಅವಕಾಶ ಕೈತಪ್ಪಿದರೆ ತಪ್ಪಲಿ ಎಂದು ಇಪ್ಪತ್ತು ಮನೆಯನ್ನೂ ಮತ್ತೆ ಸುತ್ತಿದಳು. ಆ ರಸ್ತೆಯ ಧೂಳಿಗೆ ಕೆಮ್ಮು ಬೇರೆ ಹಿಡಿಸಿಕೊಂಡಳು. ಈ ಸಲ ಲಕ್ಷ್ಮವ್ವ, ಮೂವತ್ತು ವರ್ಷದಿಂದ ರೊಟ್ಟಿ ಬಡಿಯುವವಳು, "ಗಿರಾಕಿ ಬರ್ಲಿ ಬಿಡ್ಲಿ, ಎಣಿಸಿ ಕೊಟ್ಟ ರೊಟ್ಟೀಲೆ ಹೊಟ್ಟಿ ತುಂಬಂಗಿಲ್ಲ ತಂಗಿ" ಅಂದಳಂತೆ. ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದು ಅದನ್ನೇ. ತಮ್ಮ ಪುಸ್ತಕಗಳಲ್ಲಿ ಈ ಮಾತಿಲ್ಲ ಎಂದು ಮೇಷ್ಟರೇ ಒಪ್ಪಿದರಂತೆ. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ರಸ್ತೆಯವರಿಗೆಲ್ಲ ಸಕ್ಕರೆ ಹಂಚಿದೆ.

ಸೊಸೆಗೂ ನಿನಗೂ ನನ್ನ ಹರಕೆ ಇದ್ದೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿನ್ನ ಅವ್ವ,
ಶಾಂತವ್ವ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ನಾಚಿಕೆಯಾಗಿತ್ತು. ಆ ಹೆಂಗಸರಿಗೆ ಹೇಳಿಕೊಟ್ಟು ಬಂದವಳು ನಾನೇ. ಮೊಮ್ಮಗಳು ಗೆಲ್ಲಲಿ ಎಂದು ಈ ಮಂಡಿ ಇಟ್ಟುಕೊಂಡು ಆಟೋದಲ್ಲಿ ಮನೆಮನೆಗೂ ಹೋಗಿದ್ದೆ. ಯಾರೆಂದು ಮೇಷ್ಟರು ಕೇಳಿದರೂ ಅನಘಾ ನನ್ನ ಹೆಸರು ಹೇಳಲಿಲ್ಲ. ಮನೆಗೆ ಬಂದು ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಅಜ್ಜಿ, ಬಿದ್ರೆ ನಾನೇ ಬೀಳ್ತೀನಿ. ನನ್ನ ಪಾಡಿಗೆ ನನ್ನ ಬಿಡು" ಅಂದಳು. ನಾನು ಬಿಟ್ಟೆ. ನೀನೂ ಬಿಡು. ಧಾರವಾಡಕ್ಕೆ ಕಳಿಸುವ ಒಪ್ಪಿಗೆ ಪತ್ರ ಜೊತೆಗಿಟ್ಟಿದ್ದೇನೆ. ಇಪ್ಪತ್ತೆರಡನೇ ತಾರೀಕಿನೊಳಗೆ ಸಹಿ ಮಾಡಿ ಕಳಿಸು.