ಹೆಪ್ಪುಕಲ್ಲನ್ನು ಕುದಿಸಿದವಳು

ದಡ ಮುಚ್ಚಿದ ತೊಂಬತ್ತೊಂದನೆಯ ವರ್ಷ, ಹೆಪ್ಪಿನ ನಲವತ್ತಮೂರನೆಯ ದಿನ
ಕಾರವಾರ, ಮೇಲುಪೇಟೆ

ಶ್ರೀಮತಿ ರೋಹಿಣಿ ತಾಂಡೇಲ್ ಅವರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಂಬತ್ತಾರು. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ. ಹೆರಿಗೆಯಾದ ಮೇಲೆ ನಿದ್ದೆಯಿಲ್ಲದೆ ಅದರಲ್ಲಿ ಅರ್ಧ ಮರೆತಿದ್ದೇನೆ. ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಸಾಕುತ್ತಾ ನೀವು ಟಿಪ್ಪಣಿ ಬರೆದಿಟ್ಟ ನೋಟ್‌ಬುಕ್ಕು, ಕಡಲಿನ ಹಳೆಯ ದಾಖಲೆಗಳನ್ನು ಕಾಪಿಡುವ ನಮ್ಮ ಪೇಟೆಯ ಜಲಭಂಡಾರದಲ್ಲಿತ್ತು. ಅದನ್ನು ಎರವಲು ತಂದಿದ್ದೇನೆ. ಕೊನೆಯಲ್ಲಿ ಹನ್ನೊಂದು ಹಾಳೆ ಖಾಲಿ ಉಳಿದಿವೆ, ಅಲ್ಲೇ ಬರೆಯುತ್ತಿದ್ದೇನೆ. ಇದು ನಿಮ್ಮನ್ನು ಹೇಗೆ ತಲುಪುತ್ತದೆಂದು ನನಗೂ ಗೊತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಎಂಟನೆಯ ಪುಟದಲ್ಲಿ ನೀವು ಬರೆದಿದ್ದೀರಿ: “ಅಮೋನಿಯಾ ಇಳಿಯಲಿಲ್ಲ. ಇರಲಿ, ಮುಂದಿನ ತಿಂಗಳು ಮತ್ತೆ ಶುರು ಮಾಡೋಣ.” ಆ ‘ಇರಲಿ’ಯನ್ನು ನಾನು ಎಷ್ಟು ಸಲ ಓದಿದ್ದೇನೋ. ಎಷ್ಟು ಸಲೀಸಾಗಿ ಬರೆದಿರಿ!

ನಮ್ಮಲ್ಲಿ ಆ ತೊಟ್ಟಿಗೆ ಮನೆಗಡಲು ಎನ್ನುತ್ತಾರೆ. ಕಡಲು ಬಿಸಿಯಾಗಿ ಹವಳವೆಲ್ಲ ಬಿಳಿಚಿಕೊಂಡು ಸತ್ತ ಮೇಲೆ, ಉಳಿದ ಚೂರುಗಳನ್ನು ಮನೆಮನೆಗೆ ಹಂಚಿ ಬದುಕಿಸಿದರು. ಈಗ ಹುಟ್ಟುವ ಪ್ರತಿ ಮಗುವಿನ ಹೆಸರಿನಲ್ಲಿ ಉಗುರಿನಷ್ಟು ಹವಳದ ಕುಡಿಯೊಂದು ಬರುತ್ತದೆ. ಮಗುವಿಗೆ ಹನ್ನೆರಡು ತುಂಬಿದಾಗ ಇಬ್ಬರನ್ನೂ, ಮಗುವನ್ನೂ ಹವಳವನ್ನೂ, ದೋಣಿಯಲ್ಲಿ ಕರೆದೊಯ್ದು ಆಳದ ತಣ್ಣನೆಯ ನೀರಿನಲ್ಲಿ ಹವಳವನ್ನು ನೆಡಿಸುತ್ತಾರೆ. ಜನ ಕಾಲಿಡದಂತೆ ಮುಚ್ಚಿದ ದಡವನ್ನು ದಾಟಲು ನಮಗೆ ಬದುಕಿನಲ್ಲಿ ಸಿಗುವುದು ಆ ಒಂದೇ ದಿನ. ಹವಳ ಉಳಿಯದಿದ್ದರೆ ದೋಣಿಯೂ ಇಲ್ಲ. ನನ್ನದು ನಾನು ಒಂಬತ್ತರವಳಿದ್ದಾಗ ಸತ್ತಿತು. ಮೇಲುಪೇಟೆಯಿಂದ ಕಾಣುವ ಬೂದು ಗೆರೆಯನ್ನೇ ಕಡಲೆಂದು ನೋಡುತ್ತಾ ಬೆಳೆದವಳು ನಾನು. ನನ್ನ ಮಗಳು ಮಿಂಚುಳ್ಳಿಗಾದರೂ ಅದು ಸಿಗಬೇಕು. ನಾನು ಕೇಳುವುದು ಇಷ್ಟೇ.

ಆದರೆ ಹೆರಿಗೆಮನೆಯಿಂದ ಹನ್ನೊಂದನೆಯ ದಿನ ಬಂದು ನೋಡಿದರೆ ನಮ್ಮ ಮನೆಗಡಲು ನಾರುತ್ತಿತ್ತು. ಆವಿಯಾಗಿ ಕಡಿಮೆಯಾದ ನೀರಿಗೆ ನನ್ನ ಗಂಡ ಮೃಣಾಲ ದಿನವೂ ಉಪ್ಪುನೀರನ್ನೇ ಸುರಿದಿದ್ದ. ನೀರು ಹಾರಿಹೋದರೂ ಉಪ್ಪು ಅಲ್ಲೇ ಉಳಿಯುತ್ತದೆ, ಸುರಿಯಬೇಕಾದದ್ದು ಸಿಹಿನೀರು ಎಂದರೆ, “ಹಾಲು ಕಮ್ಮಿಯಾದ್ರೆ ಹಾಲೇ ಹಾಕೂದಲ್ವನೇ?” ಎಂದ. ಮಗುವನ್ನು ಎತ್ತಿಕೊಂಡು ನಿಂತಲ್ಲೇ ಅತ್ತುಬಿಟ್ಟೆ. ಎಲ್ಲವನ್ನೂ ಚೆಲ್ಲಿ, ಗಾಜು ಉಜ್ಜಿ, ಹೊಸ ಉಪ್ಪು ಕದಡಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಹೊಸ ನೀರಿಗೆ ಹವಳ ಇಡುವಂತಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಿಗಡಿಯ ಚೂರೊಂದನ್ನು ಕೊಳೆಯಲು ಬಿಟ್ಟು, ಅದರಿಂದೇಳುವ ಅಮೋನಿಯಾವನ್ನು ತಿಂದು ಅರಗಿಸುವ ಕಣ್ಣಿಗೆ ಕಾಣದ ಜೀವಿಗಳು ಕಲ್ಲುಗಳಲ್ಲಿ ನೆಲೆಯೂರುವವರೆಗೆ ಕಾಯಬೇಕು. ನೀವು ಆ ಜೀವಿಗಳನ್ನು ಬಾಟಲಿಯಲ್ಲಿ ಕೊಂಡು ತರುತ್ತಿದ್ದಿರಿ. ನಾವು ಮೊಸರಿಗೆ ಹೆಪ್ಪು ಕೇಳುವ ಹಾಗೆ ಪಕ್ಕದ ಮನೆಯ ಮನೆಗಡಲಿನಿಂದ ಒಂದು ಕಲ್ಲು ತರುತ್ತೇವೆ. ಅದೇ ಹೆಪ್ಪುಕಲ್ಲು. ನಲವತ್ತು ದಿನದೊಳಗೆ ನೀರು ಹೆಪ್ಪುಗಟ್ಟಬೇಕು, ಅಂದರೆ ಪರೀಕ್ಷೆಯ ಹನಿ ಹಸಿರಿನಿಂದ ಹಳದಿಗೆ ತಿರುಗಬೇಕು. ಇಲ್ಲವಾದರೆ ಮಗುವಿನ ಹವಳ ಬೇರೆ ಮನೆಗೆ ಹೋಗುತ್ತದೆ, ದೋಣಿಯ ಜಾಗವೂ ಅದರ ಹಿಂದೆಯೇ ಹೋಗುತ್ತದೆ. ಪರೀಕ್ಷೆಗೆ ಬರುವ ಅಧಿಕಾರಿಣಿಯನ್ನು ಎಲ್ಲರೂ ಕಡಲತ್ತೆ ಎನ್ನುತ್ತಾರೆ. ಬಂದಾಗಲೆಲ್ಲ ತಪ್ಪು ಹುಡುಕುತ್ತಾರೆ, ಅದಕ್ಕೆ.

ನಮ್ಮ ಪಕ್ಕದ ಮನೆ ಸುಗಂಧಕ್ಕನದು. ಅವಳ ಆರು ವರ್ಷದ ಮಗನ ಹವಳ ಮುಷ್ಟಿಯಷ್ಟಾಗಿದೆ, ನೇರಳೆ ಬಣ್ಣ. ಬೀದಿಯವರೆಲ್ಲ ನೋಡಲು ಬರುತ್ತಾರೆ. ಮಗ ಹುಟ್ಟಿದ ಮೂರನೇ ವಾರದಿಂದಲೇ ರಾತ್ರಿಯಿಡೀ ಮಲಗುತ್ತಿದ್ದನಂತೆ. ನಾನು ಕೇಳದಿದ್ದರೂ ಹೇಳುತ್ತಾಳೆ. ಹೆಪ್ಪುಕಲ್ಲು ಕೊಡುವಾಗ, “ನಮ್ಮನೆ ಕಲ್ಲು ಅಂದ್ರೆ ಎಲ್ಲೂ ಸೋತದ್ದಿಲ್ಲ ತಂಗಿ, ನೀ ಸುಮ್ನಿದ್ರೂ ಆಗ್ತದೆ” ಎಂದಳು. ಒಳ್ಳೆಯ ಮಾತೇ. ನನಗೆ ಚುಚ್ಚಿತು. ಕಲ್ಲಿನ ಮೇಲೆ ಕಂದು ಲೋಳೆಯಿತ್ತು, ಸಂದಿಯಲ್ಲಿ ನೂಲಿನಂಥ ಹುಳುವೊಂದು ಆಡುತ್ತಿತ್ತು.

ಅಂದು ಒಲೆಯ ಮೇಲೆ ಮಗುವಿಗೆ ಹಾಲು ಕುಡಿಸುವ ಒಳಲೆ ಕುದಿಯುತ್ತಿತ್ತು. ಬಾಣಂತಿಯ ಮನೆಯಲ್ಲಿ ಕುದಿಸದೆ ಬಿಡುವ ವಸ್ತು ಯಾವುದಿದೆ? ಕಲ್ಲನ್ನೂ ಅದರೊಳಗೆ ಹಾಕಿಬಿಟ್ಟೆ. ನಿದ್ದೆಗೆಟ್ಟು ಮಾಡಿದೆ ಎಂದು ಗಂಡನಿಗೆ ಹೇಳಿದ್ದೇನೆ. ನಿಮಗೆ ಸುಳ್ಳು ಹೇಳಿ ಏನಾಗಬೇಕು? ಅವಳ ಮನೆಯ ಲೋಳೆ ನನ್ನ ಮಗಳ ನೀರಿನಲ್ಲಿ ಬೇಡವಾಗಿತ್ತು. ಮೇಲಿನ ಲೋಳೆ ಹೋದರೂ ಕಲ್ಲಿನೊಳಗಿನ ಹೆಪ್ಪು ಉಳಿಯುತ್ತದೆಂದುಕೊಂಡಿದ್ದೆ. ಹೆಪ್ಪು ಅವಳದೆನ್ನುವ ಗುರುತು ಹೋಗಿ, ಗೆಲುವು ನನ್ನದಾಗಬೇಕಿತ್ತು. ಕಲ್ಲು ಮತ್ತೆ ಲೋಳೆಯಾದಂತೆ ಕಂಡಾಗಲೆಲ್ಲ ಮತ್ತೆ ಕುದಿಸಿದೆ. ವಾರಕ್ಕೊಮ್ಮೆ, ನಿಷ್ಠೆಯಿಂದ.

ಮೂವತ್ತಾರನೆಯ ದಿನವೂ ಹನಿ ಪಾಚಿಯಷ್ಟು ಹಸಿರಾಗಿತ್ತು. ಅಂದು ನಿಮ್ಮ ನೋಟ್‌ಬುಕ್ಕಿನಲ್ಲಿ, ಕಲ್ಲನ್ನು ಸಿಹಿನೀರಿನಲ್ಲಿ ತೊಳೆದರೂ ಅದರೊಳಗಿನ ಜೀವ ಸಾಯುತ್ತದೆ ಎಂಬ ಸಾಲು ಕಣ್ಣಿಗೆ ಬಿತ್ತು. ತೊಳೆದರೇ ಸಾಯುವಂಥದ್ದನ್ನು ನಾನು ಐದು ಸಲ ಕುದಿಸಿದ್ದೆ. ಮಿಂಚುಳ್ಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಗಂಧಕ್ಕನ ಬಾಗಿಲಿಗೆ ಹೋಗಿ ಎಲ್ಲವನ್ನೂ ಒದರಿದೆ, ಹೊಟ್ಟೆಕಿಚ್ಚೊಂದನ್ನು ಬಿಟ್ಟು.

“ಹೆಪ್ಪನ್ನೇ ಕುದ್ಸಿದ್ಯನೇ, ಶಾಲೂ? ಕಾಲೇಜಿನಲ್ಲಿ ಇದನ್ನೇ ಕಲ್ಸಿದ್ರೋ?” ಎಂದು ಅವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ನನ್ನ ಮುಖ ನೋಡಿದಳು. “ಗೊತ್ತದೆ ಬಿಡು. ನನ್ನ ಕಂಡ್ರೆ ಆಗೂದಿಲ್ಲ ನಿಂಗೆ. ನನ್ನ ಬಾಯೂ ಹಾಗೇ ಅದೆ. ಬಕೇಟು ತಾ.” ತನ್ನ ಮನೆಗಡಲಿಗೆ ಮೊಣಕೈವರೆಗೆ ಕೈಹಾಕಿ ಅರ್ಧಕ್ಕರ್ಧ ಕಲ್ಲುಗಳನ್ನೂ, ನೀರು ಸೋಸುವ ಹಳೆಯ ಸ್ಪಂಜನ್ನೂ ತೆಗೆದು ಅದೇ ಉಪ್ಪುನೀರಿನಲ್ಲಿ ಮುಳುಗಿಸಿ ಕೊಟ್ಟಳು. ಇಷ್ಟು ಕೊಟ್ಟರೆ ಅವಳ ನೀರು ತಾಳುತ್ತದೆಯೇ ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ.

ನಲವತ್ತನೆಯ ದಿನ ಕಡಲತ್ತೆ ಬಂದು ಕನ್ನಡಕ ಏರಿಸಿ, ಹನಿಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಹಳದಿ. “ಗಾಜು ಸರಿಯಾಗಿ ಒರೆಸಿಲ್ಲ” ಎಂದು ಗೊಣಗಿ, ಮಿಂಚುಳ್ಳಿಯ ಹವಳವನ್ನು ಕಲ್ಲಿಗೆ ಅಂಟಿಸಿ ಹೋದರು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಇವತ್ತು ಬೆಳಿಗ್ಗೆ ಸುಗಂಧಕ್ಕನ ಮನೆಗೆ ಹೋದೆ. ನೀರು ಮಂಕಾಗಿದೆ. ನೇರಳೆ ಹವಳ ಮೈಯೆಲ್ಲ ಮುದುಡಿಕೊಂಡು ಮೂರು ದಿನವಾಯಿತಂತೆ. ಅವಳ ಮಗ ಗಾಜಿಗೆ ಮೂಗು ಒತ್ತಿ ಕುಳಿತಿದ್ದ. ಅದನ್ನು ಕಂಡ ಗಳಿಗೆಯಲ್ಲಿ, ರೋಹಿಣಿಯವರೇ, ನನಗೆ ಸಂತೋಷವಾಯಿತು. ಒಂದು ಉಸಿರಿನಷ್ಟು ಹೊತ್ತು, ಆದರೆ ಆಯಿತು. ಮನೆಗೆ ಬಂದು ಅರ್ಧ ಕಲ್ಲುಗಳನ್ನು ಬಕೆಟ್ಟಿಗೆ ತುಂಬಿಟ್ಟಿದ್ದೇನೆ. ತೊಳೆದಿಲ್ಲ. ಇವು ಹೋದರೆ ನಮ್ಮ ನೀರು ಮತ್ತೆ ಹಸಿರಿಗೆ ತಿರುಗಬಹುದು, ಹೋಗದಿದ್ದರೆ ಆ ಹುಡುಗನ ದೋಣಿ ತಪ್ಪುತ್ತದೆ. ಎರಡೂ ಮನೆಗೆ ಸಾಲುವಷ್ಟು ಜೀವ ಈ ಕಲ್ಲುಗಳಲ್ಲಿದೆಯೋ ಇಲ್ಲವೋ, ನಿಮ್ಮ ಪುಸ್ತಕ ಹೇಳುವುದಿಲ್ಲ. ಆದರೂ ಕೊಟ್ಟು ಬರುತ್ತೇನೆ, ಮಗು ಏಳುವುದರೊಳಗೆ.

ಒಂದೇ ಒಂದು ಕೋರಿಕೆ. ಜೂನ್ ಹದಿನಾಲ್ಕರ ಪುಟದಲ್ಲಿ ನೀವು, “ಬೇಸರವಾಯಿತು, ಸಂಜೆ ಕಡಲಿಗೆ ಹೋಗಿ ಬಂದೆವು” ಎಂದಷ್ಟೇ ಬರೆದು ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟಿದ್ದೀರಿ. ದಯವಿಟ್ಟು ಅಲ್ಲಿ ಇನ್ನೆರಡು ಸಾಲು ಬರೆಯಿರಿ. ನೀರು ಕಾಲಿಗೆ ತಾಗಿದಾಗ ತಣ್ಣಗಿತ್ತೋ ಬೆಚ್ಚಗಿತ್ತೋ, ಅಷ್ಟಾದರೂ. ಓದಿದರೆ ನನ್ನ ಹೊಟ್ಟೆ ಉರಿಯುತ್ತದೆ, ಉರಿಯಲಿ. ಮಿಂಚುಳ್ಳಿ ಕೇಳುವ ವಯಸ್ಸಿಗೆ ಬಂದಾಗ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಇತಿ,
ಶಾಲ್ಮಲಾ