ಅವಳಿಗಳ ವಿಭಾಗದಲ್ಲಿ ನಡೆದದ್ದು

ಮಾಸ್ಕೋ
೧೪ ಅಕ್ಟೋಬರ್ ೧೯೫೬

ಪ್ರೀತಿಯ ಮೈಯಾ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ನಿಮ್ಮಮ್ಮ ನಿರಪರಾಧಿಯಾಗಿದ್ದರೆಂದು ಸರ್ಕಾರವೇ ಈಗ ತಿಳಿಸಿದೆ ಎಂದು ಬರೆದಿದ್ದೀಯ. ಹಾಗಾದರೆ ಅವರ ವಿರುದ್ಧ ಹೇಳಿದವರು ಯಾರು ಎಂದೂ ಕೇಳಿದ್ದೀಯ. ಹೇಳಿದವಳು ನಾನು. ಬೇರೆಯವರ ಬಾಯಿಂದ ನಿನಗದು ತಿಳಿಯುವುದು ಬೇಡ.

ಸಂಸ್ಥೆಯ ಅವಳಿಗಳ ವಿಭಾಗದಲ್ಲಿ ನಿಮ್ಮಮ್ಮ ಫ್ರಿದಾ ಎಫಿಮೊವ್ನಾ ಅವರ ಕೈಕೆಳಗೆ ಸಹಾಯಕಿಯಾಗಿ ಐದು ವರ್ಷ ದುಡಿದೆ. ಬುದ್ಧಿಯಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಕಲಿತು ಬಂದದ್ದೆಷ್ಟು ಅನ್ನುವುದು ಅವರ ಪ್ರಶ್ನೆ. ಅದಕ್ಕೇ ಅವಳಿ ಮಕ್ಕಳನ್ನು ಕರೆಸುತ್ತಿದ್ದೆವು. ನಾನು ಹದಿನೈದು ಪದ ಓದಿ ಹೇಳಬೇಕು, ಮಕ್ಕಳು ನೆನಪಿದ್ದಷ್ಟನ್ನು ಒಪ್ಪಿಸಬೇಕು. ತದ್ರೂಪಿ ಅವಳಿಗಳ ಅಂಕ ಹೆಚ್ಚುಕಡಿಮೆ ಒಂದೇ ಬರುತ್ತಿತ್ತು; ಬೇರೆ ಮುಖದ ಅವಳಿಗಳದ್ದು ಅಷ್ಟು ಹತ್ತಿರವಿರುತ್ತಿರಲಿಲ್ಲ. "ಎಲ್ಲ ರಕ್ತದಲ್ಲೇ ಇದೆ ಬಿಡಿ" ಎಂದು ನಾನಂದರೆ, "ಆತುರ ಬೇಡ ಗ್ಲಾಶಾ, ಶೂರಾನ್ನ ನೋಡು" ಅನ್ನೋರು.

ಶೂರಾ, ಲ್ಯೂಬಾ ಟ್ರಾಮ್ ಕಂಡಕ್ಟರಮ್ಮನ ತದ್ರೂಪಿ ಹೆಣ್ಣುಮಕ್ಕಳು. ಕಾಯಿಲೆ ಬಿದ್ದ ಶೂರಾ ಎರಡು ವರ್ಷ ಶಾಲೆಯ ಮುಖ ಕಂಡಿರಲಿಲ್ಲ. ಲ್ಯೂಬಾ ಹನ್ನೆರಡು ಪದ ಹೇಳಿದರೆ ಇವಳು ಐದಕ್ಕೇ ತಡವರಿಸುವಳು. ನಿಮ್ಮಮ್ಮ ಚಳಿಗಾಲವಿಡೀ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಹಿಮ ಕರಗುವ ಹೊತ್ತಿಗೆ ಶೂರಾ ಹನ್ನೊಂದು ಪದ ಹೇಳಿದಳು. ಕಂಡಕ್ಟರಮ್ಮ ಅವತ್ತು ಎಲೆಕೋಸಿನ ಕಡುಬು ಮಾಡಿ ತಂದಿದ್ದಳು.

ಮೂವತ್ತೇಳರ ನವೆಂಬರ್‌ನಲ್ಲಿ ನಮ್ಮ ಸಂಸ್ಥೆಯಲ್ಲಿ ಸಭೆ ಸೇರಿಸಿದರು. ಅಷ್ಟರಲ್ಲಿ ನಿರ್ದೇಶಕರನ್ನು ಹಿಡಿದೊಯ್ದಾಗಿತ್ತು. ಪಕ್ಷದ ಕಾರ್ಯದರ್ಶಿ ಗ್ರಿಬಾನೊವ್ ಹಿಂದಿನ ದಿನ ನನ್ನನ್ನು ಕರೆಸಿ, "ಗಂಡ ಇದ್ದಾನೆ, ಮಗು ಇದೆ. ನಾಳೆ ಎದ್ದು ಫ್ರಿದಾ ಎಫಿಮೊವ್ನಾ ವಿರುದ್ಧ ನಾಲ್ಕು ಮಾತು ಹೇಳಿಬಿಡು, ಸಾಕು" ಅಂದಿದ್ದ. ಎದ್ದು ನಿಂತೆ. ಕೂಲಿಕಾರರ ಮಕ್ಕಳು ಹುಟ್ಟಾ ದಡ್ಡರೆಂದು ಇವರು ಹೇಳುತ್ತಿದ್ದರು ಅಂದೆ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತೀರೇನು?" ಎಂದು ಗ್ರಿಬಾನೊವ್ ಅವರನ್ನು ಚುಚ್ಚಿದ. ಒಂದಿಬ್ಬರು ನಕ್ಕರು. ನಿಮ್ಮಮ್ಮ ಅವನತ್ತ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಾ, "ಗ್ಲಾಶಾ, ಶೂರಾಳ ಕಡತ ನಿನ್ನ ಹತ್ರಾನೇ ಇದೆಯಲ್ಲ. ಓದಮ್ಮ" ಅಂದರು.

ಕಡತ ನನ್ನ ಚೀಲದಲ್ಲಿತ್ತು. "ಅಂಥ ಕಡತ ಯಾವುದೂ ಇಲ್ಲ" ಅಂದುಬಿಟ್ಟೆ. ಅವರು ಕುಳಿತುಕೊಂಡರು. ಹನ್ನೆರಡನೆಯ ದಿನ ಅವರನ್ನು ಹಿಡಿದೊಯ್ದರು. ನಿನಗಾಗ ಏಳು ವರ್ಷ.

ಆ ಕಡತವನ್ನು ಸುಡಲು ಮನಸ್ಸು ಬರಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಇದರ ಜೊತೆ ಕಳಿಸಿದ್ದೇನೆ. ಅಕ್ಷರವೆಲ್ಲ ನಿಮ್ಮಮ್ಮನದು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಇಂತು,
ಗ್ಲಾಫಿರಾ ಸ್ಟೆಪಾನೊವ್ನಾ

ಮರೆತು ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು: ಗ್ರಿಬಾನೊವ್ ನನ್ನನ್ನು ಕರೆಸಿರಲಿಲ್ಲ. ನಾನೇ ಹೋಗಿ ಅವನ ಬಾಗಿಲು ತಟ್ಟಿದೆ. ಆ ಬೇಸಿಗೆಯಲ್ಲಿ, ಸಂಶೋಧಕಿಯಾಗುವ ಪರೀಕ್ಷೆಗೆ ನನ್ನ ಹೆಸರೂ ಸೇರಿಸಿ ಎಂದು ನಿಮ್ಮಮ್ಮನನ್ನು ಕೇಳಿದ್ದೆ. ಅವರು ನನ್ನ ಭುಜ ಮುಟ್ಟಿ, ಬಹಳ ಮೆತ್ತಗೆ, "ಅದಕ್ಕೆ ಬೇಕಾದ ತಲೆ ನಿನಗಿಲ್ಲ, ಗ್ಲಾಶಾ" ಅಂದಿದ್ದರು.