ಮಗನಿಗೆ ಚೀಟಿಯಿಲ್ಲದೆ ಕೊಟ್ಟ ಮಾತ್ರೆ

ಮನೆಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಮಗನೇ,

ಆರೋಗ್ಯವಾಗಿದ್ದೀಯಾ? ಪ್ರತಿ ಕಾಗದದಲ್ಲೂ ಮೊದಲ ಸಾಲಿಗೆ ಇದನ್ನು ಬರೆದು ಮುಂದೆ ಹೋಗುತ್ತಿದ್ದೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಉರಿ ನಿಂತಿತೇ? ಏಳು ದಿನವೂ ಮಾತ್ರೆ ನುಂಗಿದೆಯೋ, ಮೂರನೇ ದಿನಕ್ಕೆ ಹಾಯೆನಿಸಿತು ಅಂತ ಉಳಿದದ್ದನ್ನು ಸ್ಪ್ಯಾನರ್ ಚೀಲಕ್ಕೆ ಎಸೆದೆಯೋ? ನನ್ನ ಮೊಣಕಾಲು ಇದ್ದ ಹಾಗೇ ಇದೆ, ಬಿಡು. ನಿನ್ನ ಹೆಂಡತಿ ಎಂಟು ದಿನ ಆಸ್ಪತ್ರೆಯಲ್ಲಿದ್ದು ಭಾನುವಾರ ಮನೆಗೆ ಬಂದಳು. ಫೋನಿನಲ್ಲಿ ನಿನಗೆ "ಹೊಟ್ಟೆನೋವು, ಈಗ ಪರವಾಗಿಲ್ಲ" ಎಂದಷ್ಟೇ ಹೇಳಿದೆವು. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಇಲ್ಲಿ ಅವಳು ಪಕ್ಕದಲ್ಲೇ ಇರುತ್ತಾಳೆ, ಅಲ್ಲಿ ನೀನು "ಲಿಫ್ಟ್ ಫಿಟ್ ಮಾಡ್ತಿದ್ದೀನಿ, ಸಿಗ್ನಲ್ ಇಲ್ಲ" ಎಂದು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಇಡಲಾಗುವುದಿಲ್ಲ.

ನವೆಂಬರ್‌ನಲ್ಲಿ ರಜೆಗೆ ಬಂದಾಗ ಒಂದು ಮಧ್ಯಾಹ್ನ ಅಂಗಡಿಗೆ ಬಂದೆಯಲ್ಲ, ನೆನಪಿದೆಯಾ? ನಲವತ್ತು ವರ್ಷದಿಂದ ಆ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತವನು ನಾನು. ಗುಪ್ತ ತೊಂದರೆಯ ಗಂಡಸರನ್ನು ಬಾಗಿಲಲ್ಲೇ ಗುರುತು ಹಿಡಿಯುತ್ತೇನೆ. ಟೂತ್‌ಪೇಸ್ಟ್ ಎತ್ತಿ ನೋಡುತ್ತಾರೆ, ಇಡುತ್ತಾರೆ, ತೂಕದ ಯಂತ್ರ ಹತ್ತಿ ಇಳಿಯುತ್ತಾರೆ, ಅಂಗಡಿಯಲ್ಲಿರುವ ಹೆಂಗಸರು ಹೋಗಲಿ ಎಂದು ಕಾಯುತ್ತಾರೆ. ನೀನೂ ಅದನ್ನೇ ಮಾಡಿದೆ. "ಅಪ್ಪಾ, ಒಂದಕ್ಕೆ ಹೋದ್ರೆ ಉರಿಯುತ್ತೆ, ಏನೋ ಸೋರುತ್ತೆ" ಎಂದು ಕೆಮ್ಮಿನ ಔಷಧಿಯ ಬಾಟಲಿಗಳಿಗೆ ಹೇಳಿದೆ. ಬೇರೆ ಯಾರೇ ಆಗಿದ್ದರೂ ಗದರಿಸುತ್ತಿದ್ದೆ: "ಹೋಗಿ ಡಾಕ್ಟರ್ ಚೀಟಿ ತಗೊಂಡ್ಬಾ. ಹೆಂಡತೀನೂ ಕರ್ಕೊಂಡ್ಹೋಗು. ಇಬ್ಬರ ಕೋರ್ಸೂ ಮುಗಿಯೋವರೆಗೂ ಹತ್ತಿರ ಹೋಗ್ಬೇಡ." ಊರವರಿಗೆಲ್ಲ ಹೇಳಿದ ಮಾತು ನಿನ್ನ ಮುಖ ನೋಡಿದರೆ ಬಾಯಿಗೆ ಬರಲಿಲ್ಲ. ಹೆತ್ತವನಿಗೆ ನಾಚಿಕೆ! ಹದಿನಾಲ್ಕು ಮಾತ್ರೆ ಪೇಪರಿನಲ್ಲಿ ಸುತ್ತಿಕೊಟ್ಟು, "ಬೆಳಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ" ಎಂದು ಡ್ರಾಯರ್‌ನಲ್ಲಿ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿದೆ. ಅವತ್ತು ಮೂವರೂ ಒಟ್ಟಿಗೆ ಊಟಕ್ಕೆ ಕೂತೆವು. ನೀನು ಬೇಡ ಬೇಡ ಎಂದರೂ ನಿನ್ನ ಹೆಂಡತಿ ಎರಡನೇ ಸಲ ಬಡಿಸಿದಳು.

ಜನವರಿಯಿಂದ ಅವಳಿಗೆ ಕಿಬ್ಬೊಟ್ಟೆ ನೋವು. ಬೇಕರಿಯಲ್ಲಿ ದಿನವಿಡೀ ನಿಂತು ಬ್ರೆಡ್ ಪ್ಯಾಕ್ ಮಾಡುವವಳು, "ನಿಂತೂ ನಿಂತೂ ಹೀಗಾಗಿದೆ ಮಾವ, ಏನಾದ್ರೂ ಕೊಡಿ" ಎಂದಳು. ನೋವಿನ ಮಾತ್ರೆ ಕೊಟ್ಟೆ. ಫೆಬ್ರವರಿಯಲ್ಲಿ ಮತ್ತೆ ಕೇಳಿದಳು, ಮತ್ತೆ ಕೊಟ್ಟೆ, ಜೊತೆಗೆ ಬಿಸಿನೀರಿನ ಚೀಲ ಬೇರೆ, ಭಾರೀ ಒಳ್ಳೆಯ ಮಾವನ ಹಾಗೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಕಣೋ. ಗೊತ್ತಿದ್ದೂ ಅವಳ ಕೆಲಸದ ಮೇಲೆ ತಪ್ಪು ಹೊರಿಸಿ ಸುಮ್ಮನಾದೆ. ಕೊನೆಗೆ ಜ್ವರ ಬಂದು ಪ್ಯಾಕಿಂಗ್ ಮೇಜಿನ ಹತ್ತಿರ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನಗೆ ಹೊರಗೆ ಹೋಗಿ ಎಂದರೆ, ಇವಳೇ "ಮಾವ ಔಷಧಿ ಅಂಗಡಿಯವರು, ಅವರಿಗೆ ಅರ್ಥ ಆಗುತ್ತೆ, ಇರಲಿ" ಎಂದು ಉಳಿಸಿಕೊಂಡಳು. ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು. ಹೆಂಗಸರಲ್ಲಿ ಎಷ್ಟೋ ಸಲ ಸುಳಿವೇ ಕೊಡದೆ ತಿಂಗಳುಗಟ್ಟಲೆ ಒಳಗಿರುತ್ತದಂತೆ. ಬೇಗ ಗೊತ್ತಾಗಿದ್ದರೆ ವಾರದ ಮಾತ್ರೆಗೆ ಹೋಗುತ್ತಿತ್ತು, ಈಗ ಗರ್ಭನಾಳದಲ್ಲಿ ಕೀವು ಕಟ್ಟಿದೆ ಎಂದರು. ಒಂದು ನಾಳ ಮುಚ್ಚಿಹೋಗಿದೆ. ಇನ್ನೊಂದರ ವಿಷಯ ಈಗಲೇ ಹೇಳಲಾಗದಂತೆ. ಎರಡು ವರ್ಷದಿಂದ ಮಗುವಿಗಾಗಿ ಕಾಯುತ್ತಿರುವವಳಿಗೆ ಈ ಮಾತು! "ಯಜಮಾನರಿಗೂ ಪರೀಕ್ಷೆ ಆಗ್ಬೇಕು" ಎಂದಾಗ ಇವಳು ಹಾಸಿಗೆಯಲ್ಲಿ ಎದ್ದು ಕೂತು, "ಅವರು ಅಂಥವರಲ್ಲ ಡಾಕ್ಟರ್" ಎಂದಳು. ನಾನು ಗೋಡೆ ನೋಡುತ್ತಾ ನಿಂತೆ.

ಮನೆಗೆ ಬಂದ ಮೇಲೆ ನನ್ನನ್ನು ಕೇಳಿದಳು, "ಬೇಕರಿ ಟಾಯ್ಲೆಟ್‌ನಿಂದ ಬಂದಿರಬಹುದಾ ಮಾವ?" ಅದು ಹಾಗೆ ಬರುವುದಿಲ್ಲ, ಕೂಡಿದವರಿಂದಲೇ ಬರುವುದು ಎಂದು ನಮ್ಮ ಅಂಗಡಿಯ ಬೆಕ್ಕಿಗೂ ಗೊತ್ತು. ನಾನು "ಇರಬಹುದಮ್ಮಾ" ಎಂದುಬಿಟ್ಟೆ. ಅವತ್ತಿನಿಂದ, ನೆಟ್ಟಗೆ ನಿಲ್ಲಲು ಆಗದಿದ್ದರೂ, ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಮನೆಯ ಬಚ್ಚಲು ಉಜ್ಜುತ್ತಿದ್ದಾಳೆ. ಬೇಡ ಎಂದರೆ, "ವಯಸ್ಸಾದವರು ನೀವು, ನನ್ನಿಂದ ನಿಮಗೆ ತಗಲಬಾರದಲ್ಲ" ಅನ್ನುತ್ತಾಳೆ. ನಿನ್ನಮ್ಮ ಬದುಕಿದ್ದಿದ್ದರೆ ನಮ್ಮಿಬ್ಬರಿಗೂ ಪೊರಕೆಸೇವೆ ಮಾಡಿರುತ್ತಿದ್ದಳು. ಮೊದಲ ಏಟು ನನಗೇ ಬೀಳುತ್ತಿತ್ತು.

ಈಗ ನೆಟ್ಟಗೆ ಕೇಳು. ಈ ಕಾಗದ ಸಿಕ್ಕ ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋಗು. ಉರಿ ಇಲ್ಲ, ಸೋರಿಕೆ ಇಲ್ಲ ಎಂದು ಮೀಸೆ ತಿರುವಬೇಡ. ನಿನಗೆ ವಾಸಿಯಾಗಿದ್ದರೂ ರಜೆ ಮುಗಿಯುವುದರೊಳಗೆ ಹೆಂಡತಿಯಿಂದ ಮತ್ತೆ ಅಂಟಿರಬಹುದು, ಗಂಡಸಿಗೂ ಸುಳಿವಿಲ್ಲದೆ ಇರಬಹುದು. ಇಂಥ ಬೇರೆ ಸೋಂಕುಗಳನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳು. ಕೊಟ್ಟ ಮಾತ್ರೆಯನ್ನು ಕೊನೆಯದರವರೆಗೂ ನುಂಗು, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸು. ಎಲ್ಲಿಂದ ತಂದೆಯೋ ಆ ಹೆಂಗಸಿಗೂ ಹೇಳು, ಅವಳಿಗೂ ಒಂದು ಕಿಬ್ಬೊಟ್ಟೆ ಇದೆ. ಆಮೇಲೆ ಇಲ್ಲಿಗೆ ಬಾ, ನಿನ್ನ ಹೆಂಡತಿಯ ಎದುರು ಕೂತು ನಿನ್ನ ಬಾಯಿಂದಲೇ ಹೇಳು. ನಾನು ಹೇಳುವುದಿಲ್ಲ. ಇಷ್ಟು ದಿನ ಮುಚ್ಚಿಟ್ಟವನು ಈಗ ಯಾವ ಮುಖ ಇಟ್ಟುಕೊಂಡು ಸಾಚಾ ಆಗಲಿ?

ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ. ಹೆತ್ತ ತಪ್ಪಿಗೆ ಕೆಟ್ಟದ್ದನ್ನೂ ಬಯಸಲಾರೆ. ಮೈ ನೋಡಿಕೋ.

ನಿನ್ನ ಅಪ್ಪ

ವಿ.ಸೂ.: ಕಾಗದ ಮಡಿಸುತ್ತಿದ್ದಾಗ ಅವಳು ಬಂದಳು. "ಅವರಿಗೆ ಬರೀತಿದ್ದೀರಾ? ನನಗೇನೂ ಆಗಿಲ್ಲ, ಗಾಬರಿ ಮಾಡ್ಕೋಬೇಡಿ ಅಂತ ಒಂದು ಸಾಲು ಸೇರಿಸಿ ಮಾವ" ಎಂದಳು. ನನ್ನ ಕೈಲಾಗಲಿಲ್ಲ. ಕಾಗದವನ್ನು ಅವಳ ಕೈಗೇ ಕೊಟ್ಟುಬಿಟ್ಟೆ. ನಿಂತುಕೊಂಡೇ ಎರಡು ಸಲ ಓದಿದಳು. ಅಳಲಿಲ್ಲ. "ಅವತ್ತೇ ನನಗೂ ಒಂದು ಪೊಟ್ಟಣ ಕಟ್ಟಿಕೊಡಬಹುದಿತ್ತಲ್ಲ" ಎಂದಳು, ಅಷ್ಟೇ. ಮಾವ ಎನ್ನಲಿಲ್ಲ. ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದವಳು ಅವಳೇ.